ತಂತಿ ನಮ್ಮದು, ಲಾಭ ಅವರದು ಅಂತಾಗಬಾರದು

ಮಾನ್ಯ ಸಂಪಾದಕರೇ,

ವಿದ್ಯುತ್ ಕಾಯ್ದೆಗೆ ತಿದ್ದುಪಡಿ ತರುವ ಕರಡನ್ನು ಕೇಂದ್ರ ಇಂಧನ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿತು. 2022ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ ಸ್ಥಾಯಿ ಸಮಿತಿಗೆ ಹೋಗಿದ್ದ ಮಸೂದೆಯ ತಿರುಳೇ ಇದರಲ್ಲೂ ಇದೆ. ಒಂದೇ ಊರಿನಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳು ಈಗಾಗಲೇ ಇರುವ ಕಂಬ, ತಂತಿಗಳನ್ನೇ ಬಳಸಿಕೊಂಡು ಕರೆಂಟು ಮಾರಬಹುದು ಅನ್ನುವುದೇ ಆ ತಿರುಳು. ಇದರ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರು ಹೆಚ್ಚಾಗಿ ಲೆಕ್ಕ ಬಲ್ಲವರು, ಕಾನೂನು ಬಲ್ಲವರು. ಕಂಬ ಹತ್ತಿದವರು ಬರೆದದ್ದು ಕಡಿಮೆ. ನಾನು ಹೊಸನಗರ ತಾಲ್ಲೂಕಿನಲ್ಲಿ ಲೈನ್‌ಮನ್ ಆಗಿದ್ದವನು. ರಾಜ್ಯದ ವಿದ್ಯುತ್ ಮಂಡಳಿ ಕೆಇಬಿ ಇದ್ದಾಗ ಕೆಲಸಕ್ಕೆ ಸೇರಿದೆ, ಅದು ಕೆಪಿಟಿಸಿಎಲ್ ಆಯಿತು, ಆಮೇಲೆ ನಮ್ಮ ಭಾಗಕ್ಕೆ ಕರೆಂಟು ಹಂಚುವ ಮೆಸ್ಕಾಂ ಆಯಿತು, ಅಲ್ಲಿಂದಲೇ ನಿವೃತ್ತನಾದೆ. ಹಾಗಾಗಿ ಕೆಳಗಿನಿಂದ ನೋಡಿದರೆ ಈ ವಿಷಯ ಹೇಗೆ ಕಾಣುತ್ತದೆ ಅಂತ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಾಲ್ಲೂಕಿನ ಮಾತು. ರಾಜ್ಯಕ್ಕೆ ಕರೆಂಟು ಕೊಡಲು ಇಷ್ಟೊಂದು ನೆಲ ಮುಳುಗಿಸಿಕೊಂಡ ತಾಲ್ಲೂಕುಗಳು ಕಡಿಮೆ. ಲಿಂಗನಮಕ್ಕಿಯ ಹಿನ್ನೀರು 1964ರಲ್ಲಿ ಬಂತು. ಆಮೇಲೆ ಚಕ್ರಾ, ಸಾವೇಹಕ್ಲು, ವಾರಾಹಿ ಯೋಜನೆಯ ಮಾಣಿ ಅಣೆಕಟ್ಟು ಒಂದರ ಹಿಂದೆ ಒಂದು ಬಂದವು. ಗದ್ದೆ, ಅಡಕೆ ತೋಟ, ದೇವಸ್ಥಾನ, ಸುಡುಗಾಡು ಎಲ್ಲಾ ನೀರಿನಡಿ ಹೋಯಿತು. ನನ್ನ ತಂದೆಯ ಕಾಲದವರು ಸಾಮಾನು ಸರಂಜಾಮು ಕಟ್ಟಿಕೊಂಡು ಬೇರೆ ಕಡೆ ಹೋಗಿ ಕಾಡು ಕಡಿದು ನೆಲ ಮಾಡಿದರು. ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್‌ನದು. ಒಂದು ಕಾಲಕ್ಕೆ ರಾಜ್ಯದ ಬಹುಪಾಲು ಬೆಳಕು ಅಲ್ಲಿಂದಲೇ ಬರುತ್ತಿತ್ತು. ಆದರೆ ಆ ದೊಡ್ಡ ಲೈನುಗಳು ತಲೆ ಮೇಲೆ ಹಾದು ಹೋಗುತ್ತಿದ್ದರೂ ಕೆಳಗಿನ ಮನೆಗಳಲ್ಲಿ ಬಹಳ ವರ್ಷ ಸೀಮೆಎಣ್ಣೆ ಬುಡ್ಡಿಯೇ ಇತ್ತು. ಮುಳುಗಡೆಯವರು ಅದನ್ನು ಸಹಿಸಿಕೊಂಡದ್ದು ಒಂದೇ ಮಾತಿನ ಮೇಲೆ. ಇದು ಸಾರ್ವಜನಿಕ ಕೆಲಸ, ಇವತ್ತಲ್ಲ ನಾಳೆ ನಿಮಗೂ ಬರುತ್ತದೆ ಅಂತ ಅವರಿಗೆ ಹೇಳಿದ್ದರು.

ಆ ಮಾತು ಒಂದು ಮಟ್ಟಿಗೆ ಉಳಿಯಿತು. ತಡವಾಗಿಯಾದರೂ ಕರೆಂಟು ಬಂತು. ನಾನು ಸೇರಿದ ಕಾಲದಲ್ಲಿ ಬಡವರ ಮನೆಗೆ ಒಂದು ದೀಪ ಕೊಡುವ ಭಾಗ್ಯಜ್ಯೋತಿ ಸಂಪರ್ಕಗಳ ಕೆಲಸ ಜೋರಾಗಿತ್ತು. ಮಲೆನಾಡಿನಲ್ಲಿ ಊರು ಅಂದರೆ ಬಯಲುಸೀಮೆಯ ಹಾಗೆ ಒಂದೇ ಕಡೆ ಇರುವುದಿಲ್ಲ. ಒಂದು ಮನೆ ಗುಡ್ಡದ ಈ ಕಡೆ, ಇನ್ನೊಂದು ಹಳ್ಳ ದಾಟಿ ಆ ಕಡೆ. ಒಂದೇ ಒಂದು ಮನೆಗೆ ಹನ್ನೊಂದು ಕಂಬ ಹೊತ್ತು ನೆಟ್ಟದ್ದಿದೆ. ಲಾರಿ ಹೋಗುವ ದಾರಿ ಇರಲಿಲ್ಲ, ಕಂಬವನ್ನು ಹೆಗಲ ಮೇಲೆ ಹೊರಬೇಕು. ಆ ಮನೆಯಲ್ಲಿ ಉರಿಯುತ್ತಿದ್ದದ್ದು ಒಂದು ಬಲ್ಬು. ಅವರ ಬಿಲ್ಲಿನಿಂದ ಹನ್ನೊಂದು ಕಂಬದ ಹಣ ನೂರು ವರ್ಷವಾದರೂ ಹುಟ್ಟುವುದಿಲ್ಲ. ಇದು ನಮ್ಮ ಜೆಇ ಸಾಹೇಬರಿಗೂ ಗೊತ್ತಿತ್ತು, ಕಂಬ ಹೊತ್ತ ಗ್ಯಾಂಗಿನವರಿಗೂ ಗೊತ್ತಿತ್ತು. ಆದರೂ ಲೈನು ಎಳೆದೆವು. ಕೊಡಲೇಬೇಕು ಅನ್ನುವ ಹೊಣೆ ನಮ್ಮ ಸಂಸ್ಥೆಯ ಮೇಲಿತ್ತು.

ಈ ಹೊಣೆಗೆ ದುಡ್ಡು ಎಲ್ಲಿಂದ ಬರುತ್ತಿತ್ತು? ಸ್ವಲ್ಪ ಸರ್ಕಾರದಿಂದ, ಉಳಿದದ್ದು ದೊಡ್ಡ ಗ್ರಾಹಕರಿಂದ. ಕಾರ್ಖಾನೆ, ಮಾಲ್, ದೊಡ್ಡ ಆಫೀಸುಗಳು ಯೂನಿಟ್‌ಗೆ ಸ್ವಲ್ಪ ಜಾಸ್ತಿ ಕೊಡುತ್ತವೆ. ಆ ಹೆಚ್ಚಿನ ಹಣದಲ್ಲಿ ಹಳ್ಳಿಯ ಲೈನು ಉಸಿರಾಡುತ್ತದೆ. ಇದನ್ನೇ ಕ್ರಾಸ್ ಸಬ್ಸಿಡಿ ಅನ್ನುತ್ತಾರೆ. ಕರಡಿನಲ್ಲಿ ಏನಿದೆ ನೋಡಿ. ಕಾರ್ಖಾನೆ, ರೈಲ್ವೆ, ಮೆಟ್ರೋಗಳ ಮೇಲಿರುವ ಕ್ರಾಸ್ ಸಬ್ಸಿಡಿ 5 ವರ್ಷದೊಳಗೆ ನಿಲ್ಲಬೇಕು ಅಂತಿದೆ. 1 ಮೆಗಾವಾಟ್‌ಗಿಂತ ಹೆಚ್ಚು ಬಳಸುವ ದೊಡ್ಡ ಗ್ರಾಹಕರಿಗೆ ಕರೆಂಟು ಕೊಡಲೇಬೇಕು ಅನ್ನುವ ಹೊಣೆಯಿಂದ ವಿತರಣಾ ಕಂಪನಿಗಳನ್ನು ಬಿಡಿಸಲು ದಾರಿ ಇದೆ. ಜೊತೆಗೆ ಹೊಸಬರು ಹಳೇ ತಂತಿಯ ಮೇಲೆಯೇ ವ್ಯಾಪಾರ ಮಾಡಬಹುದು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ದುಡ್ಡು ಕೊಡುವ ಗಿರಾಕಿ ಒಂದು ಕಡೆ, ಹನ್ನೊಂದು ಕಂಬದ ಮನೆ ಇನ್ನೊಂದು ಕಡೆ ಆಗುತ್ತದೆ. ಬೆಂಗಳೂರಿನ ಐಟಿ ಪಾರ್ಕಿಗೆ ಕರೆಂಟು ಮಾರಲು ಹತ್ತು ಕಂಪನಿ ಬರುತ್ತವೆ. ನಮ್ಮ ತಾಲ್ಲೂಕಿನ ನಗರ ಹೋಬಳಿಯ ಹಳ್ಳಿಗಳಿಗೆ ಯಾರು ಬರುತ್ತಾರೆ?

ಮೊಬೈಲ್ ಸಿಮ್ ಬದಲಾಯಿಸಿದ ಹಾಗೆ ಕರೆಂಟಿನ ಕಂಪನಿಯನ್ನೂ ಬದಲಾಯಿಸಬಹುದು, ಆಗ ಪೈಪೋಟಿಯಿಂದ ಸೇವೆ ಚೆನ್ನಾಗುತ್ತದೆ ಅಂತ ಇದರ ಪರವಾಗಿರುವವರು ಹೇಳುತ್ತಾರೆ. ಲೈನ್ ಕೆಲಸ ಮಾಡಿದವರಿಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಕಾರಣ ಸರಳ. ಮೊಬೈಲ್ ಕಂಪನಿಗಳು ಬೇರೆ ಬೇರೆ ಸಿಗ್ನಲ್ ಬಿಡುತ್ತವೆ. ಒಂದು ಸಿಗದಿದ್ದರೆ ಇನ್ನೊಂದು ಸಿಗಬಹುದು. ಕರೆಂಟು ಹಾಗಲ್ಲ. ನೀವು ಯಾವ ಕಂಪನಿಯಿಂದ ಕೊಂಡರೂ ಅದು ಬರುವುದು ಅದೇ ಸಬ್‌ಸ್ಟೇಷನ್ನಿನಿಂದ, ಅದೇ 11 ಕೆವಿ ಫೀಡರ್ ಲೈನಿನಿಂದ, ನಿಮ್ಮ ಊರಿನ ಅದೇ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ. ಓಲ್ಟೇಜ್ ಕಡಿಮೆ ಇದ್ದರೆ ಇಬ್ಬರ ಗ್ರಾಹಕರಿಗೂ ಕಡಿಮೆ. ಟಿಸಿ ಸುಟ್ಟರೆ ಇಬ್ಬರ ಮನೆಯೂ ಕತ್ತಲು. ಬದಲಾಗುವುದು ಬಿಲ್ಲಿನ ಮೇಲಿನ ಹೆಸರು ಮಾತ್ರ. ಹಾಗಾದರೆ ಸುಟ್ಟ ಟಿಸಿ ಯಾರು ಬದಲಾಯಿಸುತ್ತಾರೆ? ತಂತಿ ಯಾರದ್ದೋ ಅವರು, ಅಂದರೆ ಮೆಸ್ಕಾಂನಂಥ ಸರ್ಕಾರಿ ವಿತರಣಾ ಕಂಪನಿ, ಎಸ್ಕಾಂ. ಮಾರುವವರು ತಂತಿಗೆ ಬಾಡಿಗೆ ಕೊಡುತ್ತಾರಲ್ಲ ಅಂತ ಕೇಳಬಹುದು. ಕೊಡುತ್ತಾರೆ. ಆದರೆ ಬಾಡಿಗೆ ಬೇರೆ, ದೊಡ್ಡ ಗಿರಾಕಿಯನ್ನು ಕಳೆದುಕೊಂಡಾಗ ಆಗುವ ನಷ್ಟ ಬೇರೆ.

ಆಷಾಢದ ಗಾಳಿಮಳೆಯಲ್ಲಿ ನಮ್ಮ ಕಡೆ ಏನಾಗುತ್ತದೆ ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ಇಂಧನ ಭದ್ರತೆ ಅನ್ನುವ ದೊಡ್ಡ ಮಾತು ನನಗೆ ಅರ್ಥವಾಗುವುದು ಅಲ್ಲಿಂದ. ಹುಲಿಕಲ್ ಘಾಟಿ ಸುತ್ತ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಿವೆ. ರಾತ್ರಿ ಮರ ಬಿದ್ದು ಲೈನು ಟ್ರಿಪ್ ಆಗುತ್ತದೆ. ಬೆಳಿಗ್ಗೆ ಫೀಡರಿನ ಉದ್ದಕ್ಕೂ ನಡೆದು ಎಲ್ಲಿ ಕೆಟ್ಟಿದೆ ಅಂತ ಹುಡುಕಬೇಕು. ಜಿಗಣೆ ಕಾಲಿಗೆ ಹತ್ತಿರುತ್ತದೆ. ಒಂದು ಕಡೆ ಇನ್ಸುಲೇಟರ್ ಒಡೆದಿರುತ್ತದೆ, ಅದನ್ನು ಸರಿ ಮಾಡಿ ಚಾರ್ಜ್ ಮಾಡಿದರೆ ಮುಂದೆ ಇನ್ನೊಂದು ಕಡೆ ಕೊಂಬೆ ತಾಗಿ ಮತ್ತೆ ಟ್ರಿಪ್. ಲೈನ್ ಕ್ಲಿಯರ್, ಅಂದರೆ ಕರೆಂಟು ನಿಲ್ಲಿಸಿದ ಖಾತ್ರಿ ತೆಗೆದುಕೊಂಡು, ಎರಡೂ ಕಡೆ ಅರ್ತ್ ಮಾಡಿ, ಒದ್ದೆ ಕಂಬ ಹತ್ತಿ, ತಂತಿ ಜೋಡಿಸುವ ಜಂಪ್ ಕಟ್ಟಿ ಇಳಿಯುವಷ್ಟರಲ್ಲಿ ಕೈ ಮರಗಟ್ಟಿರುತ್ತದೆ. ಯಾವ ಕಾಡಿನೊಳಗೆ ಯಾವ ಕಂಬ ಇದೆ, ಯಾವ ಹಳ್ಳ ಯಾವ ಹೊತ್ತಿಗೆ ದಾಟಬಹುದು ಅನ್ನುವುದು ಸ್ಥಳೀಯ ಲೈನ್‌ಮನ್‌ಗೆ ಮಾತ್ರ ಗೊತ್ತಿರುತ್ತದೆ. ಈ ತಿಳಿವಳಿಕೆ ಗುತ್ತಿಗೆಗೆ ಸಿಗುವುದಿಲ್ಲ. ಈ ಕೆಲಸದಲ್ಲಿ ಸಹೋದ್ಯೋಗಿಗಳನ್ನು ಕಳೆದುಕೊಂಡಿದ್ದೇವೆ. ಹಾಗಾಗಿ ವಿತರಣೆ ಅಂದರೆ ಬರೀ ವ್ಯಾಪಾರ ಅಂತ ಯಾರಾದರೂ ಹೇಳಿದಾಗ ನನಗೆ ಸುಮ್ನೆ ಕೂರಲಾಗುವುದಿಲ್ಲ.

ಖಾಸಗಿ ಕೈಗೆ ಕೊಟ್ಟ ಕಡೆ ಏನಾಯಿತು ಅನ್ನುವುದಕ್ಕೆ ನಮ್ಮ ದೇಶದಲ್ಲೇ ದಾಖಲೆ ಇದೆ. ಎಲ್ಲರಿಗಿಂತ ಮೊದಲು ಮಾಡಿದ್ದು ಒಡಿಶಾ. 1999ರಲ್ಲಿ ರಾಜ್ಯವನ್ನು ನಾಲ್ಕು ಭಾಗ ಮಾಡಿ ವಿತರಣೆಯನ್ನು ಖಾಸಗಿಗೆ ಕೊಟ್ಟರು. ಮೂರು ಭಾಗ ಮುಂಬೈನ ಬಿಎಸ್‌ಇಎಸ್ ಕಂಪನಿಗೆ, ಭುವನೇಶ್ವರ, ಕಟಕ್ ಇರುವ ನಡುವಿನ ಭಾಗ ಅಮೆರಿಕದ ಎಇಎಸ್ ಕಂಪನಿಗೆ. ಅದೇ ವರ್ಷ ಅಕ್ಟೋಬರ್ 29ರಂದು ಸೂಪರ್ ಸೈಕ್ಲೋನ್ ಬಂತು. ಕರಾವಳಿಯ ಲೈನುಗಳು ನೆಲ ಕಚ್ಚಿದವು. 2001ರಲ್ಲಿ ಎಇಎಸ್ ಬಿಟ್ಟು ಹೋಯಿತು. ಬಿಎಸ್‌ಇಎಸ್‌ನ ಮೂರು ಭಾಗ ರಿಲಯನ್ಸ್ ಕೈಗೆ ಬಂದು, 2015ರಲ್ಲಿ ಅಲ್ಲಿನ ನಿಯಂತ್ರಣ ಆಯೋಗವೇ ಪರವಾನಗಿ ರದ್ದು ಮಾಡಿತು. 2020-21ರಲ್ಲಿ ನಾಲ್ಕೂ ಭಾಗಗಳಲ್ಲಿ ಟಾಟಾ ಪವರ್ ಶೇ 51 ಪಾಲು ತೆಗೆದುಕೊಂಡಿತು. ಈಗ ಅಲ್ಲಿ ಸೋರಿಕೆ ಇಳಿದಿದೆ, ಅದನ್ನು ಒಪ್ಪುತ್ತೇನೆ. ಆದರೆ ನಡುವೆ 20 ವರ್ಷ ಹೋಯಿತಲ್ಲ. ಒಬ್ಬರು ಬಿಟ್ಟು ಹೋದಾಗ, ಇನ್ನೊಬ್ಬರ ಪರವಾನಗಿ ರದ್ದಾದಾಗ, ಪ್ರತಿ ಸಲ ಲೈನುಗಳನ್ನು ಮತ್ತೆ ಹೊತ್ತುಕೊಂಡವರು ಸರ್ಕಾರಿ ವ್ಯವಸ್ಥೆಯವರೇ. ನಾವು 2002ರಲ್ಲಿ ಎಸ್ಕಾಂಗಳಾಗಿ ಒಡೆದ ಕಾಲದಲ್ಲಿ ಕರ್ನಾಟಕದಲ್ಲೂ ವಿತರಣೆಯನ್ನು ಖಾಸಗಿಗೆ ಕೊಡುವ ಮಾತು ಜೋರಾಗಿತ್ತು. ಒಡಿಶಾದ ಸುದ್ದಿಯನ್ನು ನಮ್ಮ ಸಂಘದ ಸಭೆಗಳಲ್ಲಿ ಓದಿ ಹೇಳುತ್ತಿದ್ದೆವು.

ದೆಹಲಿಯ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಅಲ್ಲಿ 2002ರಲ್ಲಿ ಖಾಸಗಿಗೆ ಕೊಟ್ಟರು. ಆಗ ಅರ್ಧಕ್ಕರ್ಧ ಕರೆಂಟು ಸೋರಿಕೆ, ಕಳ್ಳತನದಲ್ಲಿ ಹೋಗುತ್ತಿತ್ತು. ಈಗ ಅದು ಶೇ 10ಕ್ಕಿಂತ ಕೆಳಗೆ ಬಂದಿದೆ. ಇದು ನಿಜವಾದ ಸಾಧನೆ, ಅಲ್ಲಗಳೆಯುವುದಿಲ್ಲ. ಆದರೆ ಅದರ ಇನ್ನೊಂದು ಬದಿ ಹೇಳುವವರು ಕಡಿಮೆ. ದರ ಏರಿಸದೆ ಮುಂದಕ್ಕೆ ತಳ್ಳಿದ ಬಾಕಿ ಅಲ್ಲಿ 27,000 ಕೋಟಿ ರೂಪಾಯಿ ದಾಟಿ ನಿಂತಿದೆ. ಅದನ್ನು 4 ವರ್ಷದಲ್ಲಿ ತೀರಿಸಬೇಕು ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿತು. ಕಟ್ಟುವವರು ಕೊನೆಗೆ ಗ್ರಾಹಕರು. ಆ ಕಂಪನಿಗಳ ಲೆಕ್ಕವನ್ನು ಸರ್ಕಾರಿ ಲೆಕ್ಕ ತಪಾಸಣೆ ಮಾಡುವ ಸಿಎಜಿ ನೋಡಲಿ ಅಂತ ದೆಹಲಿ ಸರ್ಕಾರ ಆದೇಶ ಮಾಡಿದಾಗ, 2015ರಲ್ಲಿ ಹೈಕೋರ್ಟಿನಲ್ಲಿ ಅದು ಬಿದ್ದುಹೋಯಿತು. ಅದೂ ಅಲ್ಲದೆ ದೆಹಲಿ ಒಂದು ನಗರ. ಅಲ್ಲಿ ಹನ್ನೊಂದು ಕಂಬದ ಮನೆ ಎಲ್ಲಿದೆ?

ಚಂಡೀಗಢದ್ದು ನನಗೆ ಇನ್ನೂ ಬೇಸರದ ವಿಷಯ. ಅಲ್ಲಿನ ವಿದ್ಯುತ್ ಇಲಾಖೆ ಲಾಭದಲ್ಲೇ ಇತ್ತು, ಸೋರಿಕೆಯೂ ಕಡಿಮೆ. 2022ರ ಫೆಬ್ರುವರಿಯಲ್ಲಿ ನೌಕರರು ಮುಷ್ಕರ ಮಾಡಿ ಊರು ಕತ್ತಲಾದಾಗ ಸೇನೆಯ ಎಂಜಿನಿಯರ್‌ಗಳನ್ನು ಕರೆಸಬೇಕಾಯಿತು. ಆದರೂ 2025ರ ಫೆಬ್ರುವರಿ 1ರಂದು ಅದನ್ನು 871 ಕೋಟಿ ರೂಪಾಯಿಗೆ ಖಾಸಗಿಗೆ ಒಪ್ಪಿಸಿದರು. ನಷ್ಟದಲ್ಲಿರುವುದರಿಂದ ಮಾರುತ್ತೇವೆ ಅನ್ನುವ ಕಾರಣ ಇಲ್ಲಿ ನಿಲ್ಲಲಿಲ್ಲವಲ್ಲ.

ಇನ್ನು ದೇಶದ ಭದ್ರತೆಯ ಮಾತು. ಈ ಕೆಲವು ವರ್ಷಗಳಲ್ಲಿ ಎರಡು ಸಲ ಇದರ ಪರೀಕ್ಷೆ ಆಯಿತು. 2021-22ರಲ್ಲಿ ಹೊರದೇಶದ ಕಲ್ಲಿದ್ದಲಿನ ಬೆಲೆ ಏರಿತು. ಗುಜರಾತಿನ ಮುಂದ್ರಾದ 4,000 ಮೆಗಾವಾಟ್ ಘಟಕದ ಹಾಗೆ ಆಮದು ಕಲ್ಲಿದ್ದಲನ್ನು ನಂಬಿದ ಖಾಸಗಿ ಸ್ಥಾವರಗಳು, ಈ ದರಕ್ಕೆ ನಮಗೆ ಕಟ್ಟುವುದಿಲ್ಲ ಅಂತ ಕೆಲಸ ನಿಲ್ಲಿಸಿದವು. ವ್ಯಾಪಾರದ ಲೆಕ್ಕದಲ್ಲಿ ಅವರು ಮಾಡಿದ್ದು ಸರಿಯೇ ಇರಬಹುದು. ಆದರೆ ದೇಶಕ್ಕೆ ಕರೆಂಟು ಬೇಕಾದ ಹೊತ್ತಿನಲ್ಲೇ ಸ್ಥಾವರ ಸುಮ್ಮನೆ ನಿಂತಿತ್ತು. ವಿದ್ಯುತ್ ವಿನಿಮಯ ಕೇಂದ್ರದಲ್ಲಿ 2022ರ ಮಾರ್ಚ್‌ನಲ್ಲಿ ಒಂದು ಯೂನಿಟ್ 20 ರೂಪಾಯಿ ಮುಟ್ಟಿತು. ಕೊನೆಗೆ ಆ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಆಮದು ಕಲ್ಲಿದ್ದಲಿನ ಘಟಕಗಳನ್ನೆಲ್ಲ ಓಡಿಸಿ ಅಂತ ಆದೇಶ ಮಾಡಬೇಕಾಯಿತು.

ಎರಡನೇ ಪರೀಕ್ಷೆ ನಮ್ಮದೇ ರಾಜ್ಯದ್ದು. 2023ರಲ್ಲಿ ಮಳೆ ಕೈಕೊಟ್ಟಿತು. ಲಿಂಗನಮಕ್ಕಿ ತುಂಬಲಿಲ್ಲ. ರೈತರ ಪಂಪ್‌ಸೆಟ್ಟುಗಳು ಮಳೆಗಾಲದಲ್ಲೇ ಓಡತೊಡಗಿದವು. ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಅದೇ 11ನೇ ಸೆಕ್ಷನ್ ಹಿಡಿದು, ಇಲ್ಲಿ ಉತ್ಪಾದಿಸುವ ಖಾಸಗಿಯವರು ಹೊರಗೆ ಮಾರಬಾರದು ಅಂತ ಹೇಳಿತು. ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಈಗ ಕೊಡಿ, ಆಮೇಲೆ ಹಿಂದಿರುಗಿಸುತ್ತೇವೆ ಅನ್ನುವ ಲೆಕ್ಕದಲ್ಲಿ ಕರೆಂಟು ತಂದರು. ಅದು ಸಾಧ್ಯವಾದದ್ದು ಎರಡೂ ಕಡೆ ಸರ್ಕಾರಗಳು ಕುಳಿತು ಮಾತಾಡಿದ್ದರಿಂದ, ಮತ್ತು ದೇಶಕ್ಕೆಲ್ಲ ಒಂದೇ ಗ್ರಿಡ್ ಇದ್ದದ್ದರಿಂದ. ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಸೇರಿದ್ದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ 765 ಕೆವಿ ಲೈನಿನ ಮೂಲಕ, 2013ರ ಡಿಸೆಂಬರ್ 31ರಂದು.

ಹೊರದೇಶಗಳೂ ಇದೇ ಪಾಠ ಕಲಿತಿವೆ. ಉಕ್ರೇನ್ ಯುದ್ಧದಿಂದ ಗ್ಯಾಸ್ ನಿಂತಾಗ ಜರ್ಮನಿ ಗ್ಯಾಸ್ ಆಮದು ಮಾಡುವ ತನ್ನ ಯೂನಿಪರ್ ಕಂಪನಿಯನ್ನು 2022ರಲ್ಲಿ ಸರ್ಕಾರದ್ದೇ ಮಾಡಿಕೊಂಡಿತು. ಫ್ರಾನ್ಸ್ ತನ್ನ ಇಡಿಎಫ್ ವಿದ್ಯುತ್ ಕಂಪನಿಯ ಎಲ್ಲ ಷೇರನ್ನೂ 2023ರಲ್ಲಿ ವಾಪಸ್ ತೆಗೆದುಕೊಂಡಿತು.

ಉತ್ಪಾದನೆಯಲ್ಲಿ ಖಾಸಗಿಯವರು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕನ್ನೇ ನೋಡಿ. ಅಲ್ಲಿ ರೈತರು ನೆಲ ಮಾರಲಿಲ್ಲ, 13,000 ಎಕರೆಯಷ್ಟನ್ನು ಬಾಡಿಗೆಗೆ ಕೊಟ್ಟರು. ಪಾರ್ಕು ಕಟ್ಟಿದ್ದು ಸರ್ಕಾರಿ ಕಂಪನಿ, ಪ್ಯಾನೆಲ್ ಹಾಕಿ ಕರೆಂಟು ಮಾಡುವವರಲ್ಲಿ ಖಾಸಗಿಯವರಿದ್ದಾರೆ. ನೆಲದ ಹಕ್ಕು ಜನರಲ್ಲಿ ಉಳಿಯಿತು. ಮುಳುಗಡೆಯವರ ಮಗನಾಗಿ ಇದನ್ನು ನೋಡಿ ನನಗೆ ಸಮಾಧಾನವಾಯಿತು. ಹಾಗೆಯೇ ಸರ್ಕಾರಿ ಕಂಪನಿ ಮಾಡಿದ್ದೆಲ್ಲ ಸರಿ ಅಂತಲೂ ಅಲ್ಲ. ಶರಾವತಿ ಕಣಿವೆಯ ಕಾಡಿನಲ್ಲಿ ಈಗ ಹೊರಟಿರುವ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಕರೆಂಟು ಮಾಡುವ) ಯೋಜನೆಯನ್ನು ನಮ್ಮ ಭಾಗದ ಬಹಳ ಜನ ವಿರೋಧಿಸುತ್ತಿದ್ದಾರೆ. ನಾನೂ ಅವರ ಜೊತೆಗಿದ್ದೇನೆ.

ಎಸ್ಕಾಂಗಳಲ್ಲಿ ಕೊರತೆ ಇಲ್ಲವೇ? ಇದೆ, ಬೇಕಾದಷ್ಟಿದೆ. ಹೊಸ ಸಂಪರ್ಕಕ್ಕೆ ಅಲೆದಾಡಿಸುವುದು, ಫೋನ್ ಎತ್ತದಿರುವುದು, ಸಣ್ಣ ಕೆಲಸಕ್ಕೂ ಕೈ ನೀಡುವುದು, ವರ್ಗಾವಣೆಯಲ್ಲಿ ರಾಜಕೀಯ, ಇದನ್ನೆಲ್ಲ ಜನ ಕಂಡಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಎಸ್ಕಾಂ ಬಡವಾಗಿರುವುದರ ದೊಡ್ಡ ಕಾರಣ ಬೇರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ಕರೆಂಟು, 2023ರಿಂದ ಮನೆಗಳಿಗೆ ಉಚಿತ ಕರೆಂಟಿನ ಗೃಹಜ್ಯೋತಿ, ಎರಡೂ ಸರ್ಕಾರದ ತೀರ್ಮಾನ. ಎರಡನ್ನೂ ನಾನು ಬೆಂಬಲಿಸುತ್ತೇನೆ. ಆದರೆ ಅದರ ಹಣವನ್ನು ಸರ್ಕಾರ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಕಟ್ಟಬೇಕು. ಸರ್ಕಾರದ ಬಾಕಿ ಉಳಿದರೆ ಎಸ್ಕಾಂ ಸಾಲ ಮಾಡುತ್ತದೆ, ಆ ಸಾಲದ ಬಡ್ಡಿ ಮುಂದಿನ ದರದಲ್ಲಿ ಬರುತ್ತದೆ, ಆಮೇಲೆ ನೋಡಿ ಸರ್ಕಾರಿ ಕಂಪನಿ ನಷ್ಟದಲ್ಲಿದೆ ಅನ್ನುತ್ತಾರೆ. ಬೇಕಂತಲೇ ಸೊರಗಿಸಿ ಆಮೇಲೆ ಕಾಯಿಲೆ ಅನ್ನುವುದು ನ್ಯಾಯವಲ್ಲ. ಇನ್ನು ಪಂಪ್‌ಸೆಟ್ಟಿಗೆ ಮೀಟರ್ ಹಾಕಿದರೆ ಬಿಲ್ ಬರುತ್ತದೆ ಅಂತ ರೈತರಿಗೆ ಭಯ. ಬಿಲ್ ಸೊನ್ನೆಯೇ ಇರಲಿ, ಆದರೆ ಎಷ್ಟು ಕರೆಂಟು ಹೋಯಿತು ಅಂತ ಅಳತೆ ಇರಬೇಕು. ಅಳತೆ ಇಲ್ಲದ ಕಡೆ ಕಳ್ಳತನ, ಸೋರಿಕೆ ಎಲ್ಲವೂ ರೈತರ ಹೆಸರಿಗೆ ಹೋಗಿ ಕೂರುತ್ತದೆ. ಇದನ್ನು ರೈತ ಸಂಘಗಳ ಗೆಳೆಯರಿಗೆ ಎಷ್ಟೋ ಸಲ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಸರ್ಕಾರ ಬಿಟ್ಟರೆ ಖಾಸಗಿ, ಬೇರೆ ದಾರಿ ಇಲ್ಲ ಅನ್ನುವುದೂ ಸರಿಯಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಕರೆಂಟು ಹಂಚುತ್ತಿದೆ. ಗ್ರಾಹಕರೇ ಸದಸ್ಯರು, ಅವರೇ ಆಡಳಿತ ಮಂಡಳಿ ಆರಿಸುತ್ತಾರೆ. ಅಲ್ಲೂ ರಾಜಕೀಯ ಇದ್ದೇ ಇದೆ. ಆದರೆ ಲೈನ್ ಕೆಟ್ಟರೆ ಯಾರ ಮನೆ ಬಾಗಿಲಿಗೆ ಹೋಗಬೇಕು ಅಂತ ಜನರಿಗೆ ಗೊತ್ತಿದೆ. ಸುಧಾರಣೆ ಬೇಕೆನ್ನುವವರು ಇಂಥದ್ದನ್ನು ಯಾಕೆ ನೋಡುವುದಿಲ್ಲ?

ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಮಾಡಿ, 147 ಕಿಲೋಮೀಟರ್ ಲೈನು ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಕೊಂಡವರು ಬ್ರಿಟಿಷ್ ಖಾಸಗಿ ಕಂಪನಿ. ಕಟ್ಟಿದ್ದು, ಇಟ್ಟುಕೊಂಡದ್ದು ಮೈಸೂರು ಸಂಸ್ಥಾನ. ಗಣಿಗೆ ಮಾರಿದ ಮೂರು ವರ್ಷಕ್ಕೆ, 1905ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಒಡೆತನ ಸಂಸ್ಥಾನದ್ದಾಗಿದ್ದರಿಂದ ದೊಡ್ಡ ಗಿರಾಕಿಯೂ ಊರಿನ ಬೀದಿಯೂ ಒಂದೇ ಲೆಕ್ಕದಲ್ಲಿದ್ದವು. ಈಗಿನ ಕರಡು ಬೇರೆ ಮಾಡಲು ಹೊರಟಿರುವುದು ಅದನ್ನೇ.

ವಿದ್ಯುತ್ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಅಂದರೆ ರಾಜ್ಯಕ್ಕೂ ಮಾತಾಡುವ ಹಕ್ಕಿದೆ. ಈ ತಿದ್ದುಪಡಿಯ ಬಗ್ಗೆ ಕರ್ನಾಟಕದ ನಿಲುವು ಏನು ಅನ್ನುವುದನ್ನು ರಾಜ್ಯ ಸರ್ಕಾರ ವಿಧಾನಮಂಡಲದಲ್ಲಿ ಚರ್ಚೆಗಿಟ್ಟು, ಕನ್ನಡದಲ್ಲಿ ಪ್ರಕಟಿಸಲಿ. ಎಸ್ಕಾಂಗಳಿಗೆ ತಾನು ಕೊಡಬೇಕಾದ ಸಬ್ಸಿಡಿ ಬಾಕಿಯ ಲೆಕ್ಕವನ್ನೂ ಅದರ ಜೊತೆಯಲ್ಲೇ ಇಡಲಿ. ಖಾಲಿ ಇರುವ ಲೈನ್‌ಮನ್ ಹುದ್ದೆಗಳನ್ನು ಸ್ಥಳೀಯ ಹುಡುಗರಿಂದ ತುಂಬಲಿ, ಮಳೆಗಾಲದ ಕೆಲಸಕ್ಕೆ ಅವರಿಗೆ ಸರಿಯಾದ ಕೈಗವಸು, ಬೆಲ್ಟು, ಗಾಡಿ ಕೊಡಲಿ. ದರ ಏರಿಸುವ ಮೊದಲು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಯಾರು ಬೇಕಾದರೂ ಹೋಗಿ ಆಕ್ಷೇಪ ಹೇಳಬಹುದು. ದರಕ್ಕೇ ಅಷ್ಟು ಕೇಳುವವರು ಒಡೆತನದ ವಿಷಯಕ್ಕೆ ಜನರನ್ನು ಕೇಳಬಾರದೇ? ನಮ್ಮಂಥ ತಾಲ್ಲೂಕುಗಳಲ್ಲೂ ಒಂದೊಂದು ವಿಚಾರಣೆ ಇಟ್ಟುಕೊಳ್ಳಲಿ. ಹೊಸನಗರದಲ್ಲಿ ನಡೆಸುವುದಾದರೆ ಮೇ ತಿಂಗಳೊಳಗೆ ಮಾಡಲಿ. ಜೂನ್ ಹಿಡಿದರೆ ಒಳಹಳ್ಳಿಯವರಿಗೆ ಬರಲಾಗುವುದಿಲ್ಲ.

ಇಂತಿ,
ಒಬ್ಬ ನಿವೃತ್ತ ಲೈನ್‌ಮನ್
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ